‘ಇದನ್ನು ಬಿಡಿ’ ಎನ್ನುವ ಪುಸ್ತಕ

ಲಿಸ್ಬನ್ ನಗರದ ಜೆರೊನಿಮೊಸ್ ಮಠಕ್ಕೆ ಸೋಮವಾರ ಬೀಗ. ಬಣ್ಣದ ಹೊಳಪು ಬಿಲ್ಲೆಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಅಂದೇ ರಜೆ. 1755ರ ಭೂಕಂಪದಲ್ಲಿ ಚಾವಣಿ ಕಳೆದುಕೊಂಡ ಕಾರ್ಮೊ ಮಠ ಭಾನುವಾರ ತೆರೆಯುವುದಿಲ್ಲ. ಹಳೇ ಸಾಮಾನಿನ ಸಂತೆ ಸೇರುವುದು ಮಂಗಳವಾರ ಮತ್ತು ಶನಿವಾರ ಮಾತ್ರ. ಶನಿವಾರ ಸಂಜೆ ಇಳಿದು ಮಂಗಳವಾರ ಬೆಳಗಿನ ವಿಮಾನ ಹತ್ತುವವರು ಈ ನಾಲ್ಕು ಸಂಗತಿಗಳನ್ನು ಎದುರಿಗಿಟ್ಟುಕೊಂಡು ಕೂತರೆ ಕೈಯಲ್ಲಿ ಉಳಿಯುವ ಹೊತ್ತೆಷ್ಟು ಎಂಬುದು ಗೊತ್ತಾಗುತ್ತದೆ. ಇದೆಲ್ಲ ಫೋನಿನಲ್ಲೂ ಸಿಗುತ್ತದೆ, ನಿಜ. ಒಂದೊಂದಾಗಿ ಕೇಳಿದರೆ ಒಂದೊಂದಾಗಿ ಹೇಳುತ್ತದೆ. ಕೇಳಬೇಕೆಂದು ಮೊದಲು ನಮಗೆ ಹೊಳೆಯಬೇಕು. ನಾಲ್ಕನ್ನೂ ಒಂದೇ ಪುಟದಲ್ಲಿ ಜೋಡಿಸಿ, ಸೋಮವಾರ ಜೆರೊನಿಮೊಸ್ ಇರುವ ಬೆಲೆಂ ಕಡೆ ತಲೆಹಾಕಬೇಡಿ, ಅಂದು ಗುಡ್ಡದ ಹಳೇ ಬಡಾವಣೆ ಅಲ್ಫಾಮಾದ ಓಣಿಗಳಲ್ಲಿ ಅಡ್ಡಾಡಿ ಎಂದು ನಮಗೆ ಹೇಳಿದ್ದು ಅಂಗೈಗಿಂತ ತುಸು ದೊಡ್ಡದಾದ ಒಂದು ಗೈಡ್ ಪುಸ್ತಕ.

ನಾನು ಕಾರವಾರದವಳು, ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಮಗಳು, ಅಳಿಯ ಇರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಅಪ್ಪ ಅಮ್ಮನಿಗೆ ಒಂದಾದರೂ ಊರು ತೋರಿಸಿ ಕಳಿಸಬೇಕೆಂಬುದು ಅವಳ ಹಟ. ಅಲ್ಲಿಯವರಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ. ಶುಕ್ರವಾರ ಕಚೇರಿ ಮುಗಿಸಿ ಬೆನ್ನಿಗೊಂದು ಚೀಲ ಏರಿಸಿ ಅಗ್ಗದ ವಿಮಾನ ಹತ್ತುತ್ತಾರೆ, ಭಾನುವಾರ ರಾತ್ರಿ ಮನೆಯಲ್ಲಿರುತ್ತಾರೆ. ಲಿಸ್ಬನ್ ಈ ಸಲ ಅರ್ಧ ಉಳಿದರೆ ಮುಂದಿನ ವರ್ಷ ಇನ್ನರ್ಧ. ನಮ್ಮ ಕತೆ ಬೇರೆ. ಶೆಂಗೆನ್ ವೀಸಾ ಬೇಕೆಂದರೆ ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನ್ಸು, ಮಗಳ ಆಹ್ವಾನ ಪತ್ರ ಎಲ್ಲ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ಬೆರಳೊತ್ತಿ ಬರಬೇಕು. ಅದೇ ಊರಿಗೆ ಇನ್ನೊಮ್ಮೆ ಹೋಗುತ್ತೇವೆಂಬ ನೆಚ್ಚಿಕೆ ಯಾರಿಗಿದೆ? ಹಾಗಾಗಿ ನಮ್ಮವರು ಎಲ್ಲವನ್ನೂ ನೋಡಲು ಹೊರಡುತ್ತಾರೆ. ಹತ್ತು ದಿನಕ್ಕೆ ಏಳೆಂಟು ದೇಶ ಎಂಬ ಪ್ಯಾಕೇಜ್ ಪ್ರವಾಸಗಳು ನಡೆಯುವುದೇ ಈ ಭಯದ ಮೇಲೆ.

ಫೋನು ಈ ಭಯವನ್ನು ಬೆಳೆಸುತ್ತದೆ. ಲಿಸ್ಬನ್ನಿನಲ್ಲಿ ನೋಡಬೇಕಾದವು ಎಂದು ಹುಡುಕಿ ನೋಡಿ. ಇಪ್ಪತ್ತು ಜಾಗ ತೋರಿಸುತ್ತದೆ, ಬೆರಳು ಆಡಿಸಿದರೆ ಮತ್ತೆ ಇಪ್ಪತ್ತು, ಆಮೇಲೆ ಯಾರಿಗೂ ಗೊತ್ತಿಲ್ಲದ ಹದಿನೈದು ಗುಟ್ಟಿನ ಜಾಗಗಳು. ಅವು ಎಲ್ಲರಿಗೂ ಗೊತ್ತಿರುತ್ತವೆ. ಪ್ರತಿಯೊಂದಕ್ಕೂ ನಾಲ್ಕೂವರೆ ನಕ್ಷತ್ರ. ಹೀಗೆ ಎಲ್ಲವೂ ಚೆನ್ನಾಗಿದೆ ಎಂದು ಸಾವಿರಾರು ಜನ ಸೇರಿ ಹೇಳಿದರೆ ಯಾರೂ ಏನೂ ಹೇಳಿದಂತಾಗಲಿಲ್ಲ. ಜೇಬಿನ ಪುಸ್ತಕದ ದೊಡ್ಡ ಗುಣ ಅದರಲ್ಲಿ ಜಾಗ ಇಲ್ಲದಿರುವುದು. ಒಂದು ಬಡಾವಣೆಗೆ ಐದಾರು ಪುಟ, ಅದರಲ್ಲೇ ನಕ್ಷೆ, ಅದರಲ್ಲೇ ಚಿತ್ರ. ಬರೆದವನು ಐವತ್ತು ಜಾಗ ನೋಡಿ ನಲವತ್ತನ್ನು ಕೈಬಿಟ್ಟಿರುತ್ತಾನೆ. ಆ ನಲವತ್ತನ್ನು ಬಿಟ್ಟದ್ದಕ್ಕೇ ನಾನು ದುಡ್ಡು ಕೊಡುವುದು.

ಈ ಕೆಲಸವನ್ನು ಕ್ರಮಬದ್ಧವಾಗಿ ಶುರುಮಾಡಿದವರು 19ನೇ ಶತಮಾನದ ಇಬ್ಬರು ಪ್ರಕಾಶಕರು. ಲಂಡನ್ನಿನ ಜಾನ್ ಮರ್ರೆ ತನ್ನ ಮೊದಲ ಪ್ರವಾಸ ಕೈಪಿಡಿಯನ್ನು ತಂದದ್ದು 1836ರಲ್ಲಿ. ಅದೇ ಕಾಲಕ್ಕೆ ಜರ್ಮನಿಯ ಕೊಬ್ಲೆಂಜ್‌ನಲ್ಲಿ ಕಾರ್ಲ್ ಬೆಡೆಕರ್ ರೈನ್ ನದೀತೀರದ ಕೈಪಿಡಿಯೊಂದನ್ನು ಪರಿಷ್ಕರಿಸಿ ಹೊರತಂದ. ನೋಡಲೇಬೇಕಾದದ್ದಕ್ಕೆ ನಕ್ಷತ್ರ ಹಾಕುವ ಪದ್ಧತಿ ಊರೂರಿಗೆ ಹಬ್ಬಿದ್ದು ಬೆಡೆಕರನ ಕೆಂಪು ರಟ್ಟಿನ ಪುಸ್ತಕಗಳಿಂದ. ಅವನ ಬಗ್ಗೆ ಒಂದು ಕತೆ ಹೇಳುತ್ತಾರೆ. ಮಿಲಾನಿನ ಕೆಥೆಡ್ರಲ್ಲಿನ ಮಾಳಿಗೆ ಹತ್ತುವಾಗ ಇಪ್ಪತ್ತು ಮೆಟ್ಟಿಲಿಗೊಂದರಂತೆ ಒಣ ಬಟಾಣಿ ಕಾಳನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ ಹೋದನಂತೆ. ಇಳಿಯುವಾಗ ಅದೇ ಕಾಳುಗಳನ್ನು ಹಿಂದಿನ ಜೇಬಿಗೆ ಹಾಕುತ್ತ ಲೆಕ್ಕ ತಾಳೆ ನೋಡಿದನಂತೆ. ಕತೆ ಎಷ್ಟು ನಿಜವೋ, ಗೈಡ್ ಪುಸ್ತಕ ಬರೆಯುವವನಿಂದ ನಾನು ಬಯಸುವುದು ಇಷ್ಟೇ: ನನಗಿಂತ ಮೊದಲು ಅವನು ಹತ್ತಿರಬೇಕು, ಎಣಿಸಿರಬೇಕು.

ಲಿಸ್ಬನ್ನಿನಲ್ಲಿ ಇದರ ಬೆಲೆ ಕಾಲಿಗೆ ತಿಳಿಯುತ್ತದೆ. ಏಳು ಗುಡ್ಡಗಳ ಊರು ಎಂಬ ಹೆಸರು ಅದಕ್ಕೆ. ನಮ್ಮ ಮನೆಯವರಿಗೆ ಮಂಡಿನೋವು. ಫೋನಿನ ನಕ್ಷೆ ಎಂಟು ನಿಮಿಷದ ನಡಿಗೆ ಎಂದು ನೀಲಿ ಚುಕ್ಕಿ ತೋರಿಸುತ್ತದೆ. ಆ ಎಂಟು ನಿಮಿಷ ಪೂರ್ತಿ ಮೆಟ್ಟಿಲೇ ಆಗಿರಬಹುದು ಎಂಬುದು ಚಪ್ಪಟೆ ಪರದೆಯ ಮೇಲೆ ಸುಲಭಕ್ಕೆ ಕಾಣುವುದಿಲ್ಲ. ನಮ್ಮ ಪುಸ್ತಕ ಅಲ್ಫಾಮಾದ ಅಧ್ಯಾಯವನ್ನು ಆರಂಭಿಸಿದ್ದೇ ಗುಡ್ಡದ ತುದಿಯಿಂದ: ಟ್ರಾಮಿನಲ್ಲಿ ಮೇಲೆ ಹೋಗಿ, ಪೋರ್ತಾಸ್ ದೊ ಸೊಲ್ ಎಂಬ ಕಟ್ಟೆಯಿಂದ ತೇಜೊ ನದಿಯನ್ನು ನೋಡಿ, ಅಲ್ಲಿಂದ ಕೆಳಕ್ಕೆ ನಡೆಯಿರಿ. ಊರಿನ ಕಾಲುದಾರಿಗೆಲ್ಲ ಬಿಳಿ ಸುಣ್ಣದ ಕಲ್ಲು, ಕಪ್ಪು ಕಲ್ಲುಗಳ ಸಣ್ಣ ಸಣ್ಣ ತುಂಡುಗಳನ್ನು ಚಿತ್ತಾರವಾಗಿ ಜೋಡಿಸಿರುತ್ತಾರೆ. ನೋಡಲು ಚೆಂದ. ಸವೆದು ಸವೆದು ಗಾಜಿನಂತಾಗಿದ್ದು ಮಳೆ ಬಿದ್ದರೆ ಜಾರುತ್ತದೆ, ರಬ್ಬರ್ ತಳದ ಶೂ ತನ್ನಿ ಎಂದೂ ಬರೆದಿತ್ತು. ಮನೆಯವರು ಚಪ್ಪಲಿ ಬಿಟ್ಟು ಮಗಳ ಮನೆಯಿಂದ ವಾಕಿಂಗ್ ಶೂ ಹಾಕಿಕೊಂಡೇ ಹೊರಟರು.

28ನೇ ನಂಬರಿನ ಹಳದಿ ಟ್ರಾಮಿನ ವಿಚಾರಕ್ಕೂ ಇದೇ ಮಾತು. ಹಳೇ ಮರದ ಸೀಟಿನ ಆ ಪುಟ್ಟ ಗಾಡಿ ಮಾರ್ತಿಮ್ ಮೊನಿಜ್ ಚೌಕದಿಂದ ಹೊರಟು ಗುಡ್ಡ ಹತ್ತಿ ಇಳಿದು ಊರಿನ ಇನ್ನೊಂದು ತುದಿಯ ಸ್ಮಶಾನದ ಹತ್ತಿರ ನಿಲ್ಲುತ್ತದೆ. ಲಿಸ್ಬನ್ನಿಗೆ ಬಂದವರೆಲ್ಲ ಅದರಲ್ಲೇ ಕೂರಬೇಕೆನ್ನುತ್ತಾರೆ. ಹಾಗಾಗಿ ಕೂರಲು ಯಾರಿಗೂ ಸೀಟಿಲ್ಲ, ನಿಂತವರ ಜೇಬಿಗೆ ರಕ್ಷಣೆ ಇಲ್ಲ. ನಮ್ಮ ಪುಸ್ತಕ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿತ್ತು: ಬೆಳಗ್ಗೆ ಬೇಗ, ಹೊರಡುವ ನಿಲ್ದಾಣದಲ್ಲೇ ಹತ್ತಿ, ಇಲ್ಲವಾದರೆ ಬಿಟ್ಟುಬಿಡಿ. ಅದೇ ಬಗೆಯ ಗಾಡಿ 12ನೇ ನಂಬರಿನ ಸಣ್ಣ ಸುತ್ತಿನಲ್ಲೂ ಓಡುತ್ತದೆ. ನಾವು ಅದರಲ್ಲಿ ಹತ್ತಿ ಕಿಟಕಿಯ ಪಕ್ಕ ಕೂತು ಸುತ್ತಿದೆವು. 28ನ್ನು ಬಿಟ್ಟೆವೆಂಬ ಬೇಸರ ಇಂದಿಗೂ ಇಲ್ಲ.

ಪುಸ್ತಕವನ್ನು ಬೀದಿಯಲ್ಲಿ ಬಿಚ್ಚಬೇಕೆಂದು ನಾನು ಹೇಳುವುದಿಲ್ಲ. ದಾರಿ ಹುಡುಕಲು, ಟ್ರಾಮಿನ ಹೊತ್ತು ತಿಳಿಯಲು, ಟಿಕೆಟ್ಟು ಮುಂಗಡ ತೆಗೆಯಲು ಫೋನೇ ವಾಸಿ. ಜೆರೊನಿಮೊಸ್‌ನ ಸರತಿಯಲ್ಲಿ ಟಿಕೆಟ್ಟಿಲ್ಲದೆ ನಿಂತವರ ಮುಖ ನೋಡಿದವರು ಇದನ್ನು ಒಪ್ಪುತ್ತಾರೆ. ಪುಸ್ತಕ ಬೇಕಾಗುವುದು ಹಿಂದಿನ ರಾತ್ರಿ, ಊಟ ಮುಗಿದ ಮೇಲೆ, ಹಾಸಿಗೆಯ ಮೇಲೆ ಕೂತು ನಾಳೆ ಏನೆಂದು ಜಗಳವಾಡುವಾಗ. ಫೋನನ್ನು ಒಬ್ಬರು ಹಿಡಿದರೆ ಉಳಿದವರು ಕತ್ತು ಚಾಚಬೇಕು. ಪುಸ್ತಕವನ್ನು ಹಾಸಿಗೆಯ ಮಧ್ಯದಲ್ಲಿಟ್ಟರೆ ನಾಲ್ವರೂ ಬೆರಳಿಡಬಹುದು. “ಅಮ್ಮಾ, ಇದೆಲ್ಲ ಫೋನಲ್ಲೇ ಇದೆಯಲ್ಲ” ಎಂದು ಪುಸ್ತಕದಂಗಡಿಯಲ್ಲಿ ಗೊಣಗಿದ್ದ ಮಗಳೇ ಎರಡನೆಯ ರಾತ್ರಿ ಅದರಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕತೊಡಗಿದಳು. ಗ್ರಂಥಪಾಲಕಿಯ ಎದುರೇ.

ಗೈಡ್ ಪುಸ್ತಕಗಳ ಮೇಲೆ ಇರುವ ದೊಡ್ಡ ದೂರು ಅವು ಬೇಗ ಹಳತಾಗುತ್ತವೆ ಎಂಬುದು. ಗ್ರಂಥಾಲಯದ ಕಪಾಟಿನಲ್ಲಿ 910ನೇ ಸಂಖ್ಯೆಯ ಸಾಲು, ಅಂದರೆ ಪ್ರವಾಸದ ಪುಸ್ತಕಗಳ ಸಾಲು, ವರ್ಷದ ಕೊನೆಯಲ್ಲಿ ರದ್ದಿಗೆ ಹೋಗುವವುಗಳಲ್ಲಿ ಮೊದಲನೆಯದು ಎಂಬುದನ್ನು ನಾನು ಕಣ್ಣಾರೆ ಕಂಡವಳು. ಆದರೆ ಪುಸ್ತಕ ಪೂರ್ತಿ ಒಟ್ಟಿಗೆ ಹಳತಾಗುವುದಿಲ್ಲ. ಪೋರ್ಚುಗೀಸ್ ಕವಿ ಫೆರ್ನಾಂಡೊ ಪೆಸೋವಾ ತನ್ನೂರಿನ ಬಗ್ಗೆ ಪ್ರವಾಸಿಗರಿಗಾಗಿ ಒಂದು ಕೈಪಿಡಿ ಬರೆದಿದ್ದ, ಅದೂ ಇಂಗ್ಲಿಷಿನಲ್ಲಿ. ಹುಡುಗನಾಗಿದ್ದಾಗ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಓದಿದವನು ಅವನು. 1925ರ ಸುಮಾರಿಗೆ ಬರೆದದ್ದು ಅವನು ಬಿಟ್ಟುಹೋದ ಕಾಗದದ ರಾಶಿಯಲ್ಲಿ ಸಿಕ್ಕಿ 1992ರಲ್ಲಿ ಅಚ್ಚಾಯಿತು. ಪ್ರವಾಸಿಯನ್ನು ಅವನು ಹಡಗಿನಿಂದ ಇಳಿಸಿ ಮೋಟಾರು ಕಾರಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸುತ್ತಾನೆ. ಕವಿಯ ಪುಸ್ತಕವೆಂದು ಆಸೆಯಿಂದ ತೆರೆದರೆ ಸ್ವಲ್ಪ ನಿರಾಸೆ. ಕಟ್ಟಡದ ಮೇಲೆ ಕಟ್ಟಡ, ಹೊಗಳಿಕೆಯ ಮೇಲೆ ಹೊಗಳಿಕೆ, ಬಿಟ್ಟುಬಿಡಿ ಎನ್ನಲು ಅವನಿಗೆ ಮನಸ್ಸಿಲ್ಲ. ಆದರೂ ನೂರು ವರ್ಷದ ಹಿಂದಿನ ಆ ಕೈಪಿಡಿ ಹಿಡಿದು ಇಂದು ಊರ ನಡುವಿನ ಚೌಕಗಳನ್ನು, ಚರ್ಚುಗಳನ್ನು, ಬೆಲೆಂ ಗೋಪುರವನ್ನು ಹುಡುಕಿಕೊಂಡು ಹೋಗಬಹುದು. ನಮ್ಮ ಪುಸ್ತಕದ ಚರಿತ್ರೆಯ ಪುಟಗಳೂ ಹಾಗೆಯೇ. 1755ರ ನವೆಂಬರ್ 1ರ ಬೆಳಗ್ಗೆ, ಹಬ್ಬದ ಪೂಜೆಗೆ ಚರ್ಚುಗಳು ತುಂಬಿದ್ದಾಗ ಭೂಮಿ ನಡುಗಿತು, ಸಮುದ್ರ ಉಕ್ಕಿತು, ಮೇಣದಬತ್ತಿಗಳಿಂದ ಊರಿಗೆ ಬೆಂಕಿ ಬಿತ್ತು. ಮಂತ್ರಿ ಪೋಂಬಾಲ್ ಬೈಶಾ ಎಂಬ ತಗ್ಗಿನ ಬಡಾವಣೆಯನ್ನು ನೇರ ಗೆರೆ ಎಳೆದಂತೆ ಮತ್ತೆ ಕಟ್ಟಿಸಿದ. ಗೋಡೆಯೊಳಗೆ ಮರದ ಪಂಜರ ಇಟ್ಟು ಭೂಕಂಪ ತಾಳುವಂಥ ಮನೆಗಳು. ಅಕ್ಕಸಾಲಿಗರಿಗೆ ಒಂದು ಬೀದಿ, ಬೆಳ್ಳಿಯವರಿಗೆ ಒಂದು, ಚಮ್ಮಾರರಿಗೆ ಒಂದು. ಈ ಪುಟಗಳು ಮುಂದಿನ ಮುದ್ರಣಕ್ಕೂ ಹಾಗೆಯೇ ಬರುತ್ತವೆ. ಹೋಟೆಲು, ಕೆಫೆ, ದರದ ಪುಟಗಳು ಅಚ್ಚಾಗುವ ಹೊತ್ತಿಗೇ ಅರ್ಧ ಸುಳ್ಳಾಗಿರುತ್ತವೆ. ಅವನ್ನು ಹರಿದುಹಾಕಿದರೆ ಚೀಲವೂ ಹಗುರ.

ಒಮ್ಮೊಮ್ಮೆ ಗಟ್ಟಿ ಪುಟವೂ ಕೈಕೊಡುತ್ತದೆ. ರೆಸ್ತೌರಾದೋರೆಸ್ ಚೌಕದಿಂದ ಗುಡ್ಡದ ಮೇಲಿನ ಬೈರೊ ಆಲ್ತೊಗೆ ಹಗ್ಗ ಎಳೆದು ಹತ್ತಿಸುವ ಗ್ಲೋರಿಯಾ ಗಾಡಿ 1885ರಿಂದ ಇತ್ತು. ಮಂಡಿನೋವಿನವರಿಗೆ ಪುಸ್ತಕ ಶಿಫಾರಸು ಮಾಡಿದ್ದೂ ಅದನ್ನೇ, ನಾವು ಹತ್ತಿದ್ದೂ ಅದರಲ್ಲೇ. 2025ರ ಸೆಪ್ಟೆಂಬರ್ 3ರಂದು ಅದು ಹಳಿ ತಪ್ಪಿ 16 ಜನ ಸತ್ತರು. ನಮ್ಮಲ್ಲಿರುವ ಮುದ್ರಣದಲ್ಲಿ ಅದಕ್ಕೆ ಇಂದಿಗೂ ಒಂದು ನಕ್ಷತ್ರವಿದೆ. ಇಂಥದ್ದಕ್ಕೆ ಯಾವ ಸಂಪಾದಕನೂ ಹೊಣೆಯಲ್ಲ. ಹೊರಡುವ ಮುಂಚೆ ಒಮ್ಮೆ ಸುದ್ದಿ ನೋಡಿಕೊಳ್ಳುವುದು ಓದುಗರ ಕೆಲಸ.

ಊಟದ ಪುಟಗಳನ್ನು ಹರಿದುಹಾಕಿ ಎಂದೆನಲ್ಲ, ಅವುಗಳ ಮೊದಲ ಅರ್ಧ ಪುಟವನ್ನು ಮಾತ್ರ ಉಳಿಸಿಕೊಳ್ಳಿ. ಅಲ್ಲಿ ಹೋಟೆಲುಗಳ ಹೆಸರಿನ ಬದಲು ಊರಿನ ರೂಢಿ ಇರುತ್ತದೆ. ಲಿಸ್ಬನ್ನಿನಲ್ಲಿ ಮೇಜಿಗೆ ಕೂತೊಡನೆ ಬ್ರೆಡ್ಡು, ಆಲಿವ್ ಕಾಯಿ, ಚೀಸು ತಂದಿಡುತ್ತಾರೆ. ನಮ್ಮಲ್ಲಿ ಹಪ್ಪಳ, ಉಪ್ಪಿನಕಾಯಿ ತಂದಿಟ್ಟಂತೆ ಧರ್ಮಕ್ಕೆ ಅಂದುಕೊಳ್ಳಬಾರದು. ತಿಂದರೆ ಬಿಲ್ಲಿಗೆ ಸೇರುತ್ತದೆ, ಬೇಡವೆಂದರೆ ಬೇಸರವಿಲ್ಲದೆ ತೆಗೆದುಕೊಂಡು ಹೋಗುತ್ತಾರೆ. ಕೆಫೆಯಲ್ಲಿ ಕೌಂಟರಿಗೆ ಒರಗಿ ನಿಂತು ಕುಡಿದ ಕಾಫಿಗೆ ಒಂದು ದರ, ಹೊರಗೆ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡರೆ ಇನ್ನೊಂದು. ಇಷ್ಟು ತಿಳಿದರೆ ಪುಸ್ತಕದ ದುಡ್ಡು ಎರಡು ದಿನದಲ್ಲಿ ವಸೂಲು.

ಆದರೆ ಇದೇ ಅರ್ಧ ಪುಟದಲ್ಲಿ ಅದನ್ನು ಬರೆದವರು ಯಾರಿಗಾಗಿ ಬರೆದರು ಎಂಬುದೂ ಕಾಣುತ್ತದೆ. ಸಸ್ಯಾಹಾರಿಗಳಿಗೆ ಕಾಲ್ದೊ ವೆರ್ದೆ ಎಂಬ ಆಲೂಗಡ್ಡೆ, ಸೊಪ್ಪಿನ ಸೂಪು ಇದೆ ಎಂದು ನಮ್ಮ ಪುಸ್ತಕ ಸಮಾಧಾನ ಹೇಳಿತ್ತು. ಆ ಹಸಿರು ಸೂಪಿನ ಮೇಲೆ ಹಂದಿ ಸಾಸೇಜಿನ ಒಂದು ಬಿಲ್ಲೆ ತೇಲುತ್ತಿರುವುದು ಅಲ್ಲಿನ ಸಂಪ್ರದಾಯ. ಅದನ್ನು ಚಮಚದಿಂದ ಬದಿಗೆ ಸರಿಸಿದರಾಯಿತು ಎಂಬುದು ಅವರ ಲೆಕ್ಕ. ಕಾರವಾರದ ನಮಗೆ ಮೀನು ಸಿಕ್ಕಿದರೆ ಸಾಕು, ಸಾರ್ಡೀನ್ ಸುಡುವ ಊರಿನಲ್ಲಿ ನಮಗೇನೂ ಕಷ್ಟವಾಗಲಿಲ್ಲ. ಶಿರಸಿ ಕಡೆಯ ಸಸ್ಯಾಹಾರಿ ಅಳಿಯನಿಗೆ ಆಯಿತು. ಮೊಜಾಂಬಿಕ್ ಸ್ವತಂತ್ರವಾದ ಕಾಲಕ್ಕೆ ಅಲ್ಲಿಂದ ಬಂದು ನೆಲೆಸಿದ ಗುಜರಾತಿಗಳು ಲಿಸ್ಬನ್ನಿನಲ್ಲಿ ರಾಧಾಕೃಷ್ಣ ದೇವಸ್ಥಾನ ಕಟ್ಟಿಕೊಂಡಿದ್ದಾರೆ, ಅಲ್ಲಿ ಸಸ್ಯಾಹಾರಿ ಕ್ಯಾಂಟೀನೂ ಇದೆ. ಇದು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಮಾರ್ತಿಮ್ ಮೊನಿಜ್ ಹಿಂದಿನ ಬೀದಿಯಲ್ಲಿ ಬಾಂಗ್ಲಾದೇಶದವರ ದಿನಸಿ ಅಂಗಡಿಗಳಿವೆ, ಕೊತ್ತಂಬರಿ ಸೊಪ್ಪು, ಬೇಳೆ ಸಿಗುತ್ತದೆ ಎಂಬುದೂ ಇರಲಿಲ್ಲ. ಪುಸ್ತಕ ಬರೆದದ್ದು ಬ್ರಿಟನ್ನಿನ ಓದುಗನಿಗಾಗಿ, ಅವನಿಗೆ ಅದು ಬೇಡ.

ಬೆಲೆಂನಲ್ಲಿ ಈ ಕೊರತೆ ಇನ್ನೂ ಹೆಚ್ಚು ಚುಚ್ಚಿತು. ಜೆರೊನಿಮೊಸ್ ಮಠ ಎದ್ದದ್ದು ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ 5ರ ತೆರಿಗೆಯಿಂದ. ಪೂರ್ವದ ಆ ವ್ಯಾಪಾರದಲ್ಲಿ ದೊಡ್ಡ ಪಾಲು ಕಾಳುಮೆಣಸಿನದು. ಹಗ್ಗದಂತೆ ಹೊಸೆದ ಕಲ್ಲಿನ ಕಂಬಗಳು, ಹವಳದಂತೆ ಕೊರೆದ ಕಮಾನುಗಳು, ಅವನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಚರ್ಚಿನ ಬಾಗಿಲು ದಾಟಿದೊಡನೆ ವಾಸ್ಕೊ ಡ ಗಾಮನ ಸಮಾಧಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನ ಅಸ್ಥಿ ಆಮೇಲೆ ಪೋರ್ಚುಗಲ್ಲಿಗೆ ಹೋಯಿತು. 1498ರಲ್ಲಿ ಮಲಬಾರಿನಿಂದ ಹಿಂದಿರುಗುವಾಗ ಅವನ ಹಡಗುಗಳು ಲಂಗರು ಹಾಕಿದ್ದು ನಮ್ಮ ಕಾರವಾರದ ಪಕ್ಕದ ಅಂಜುದೀವದಲ್ಲಿ. ನದೀದಂಡೆಯಲ್ಲಿ 1960ರಲ್ಲಿ ನಿಲ್ಲಿಸಿದ ನಾವಿಕರ ಸ್ಮಾರಕದ ಎದುರು ನೆಲದ ಮೇಲೆ ಅಮೃತಶಿಲೆಯ ದೊಡ್ಡ ಭೂಪಟವಿದೆ, ಯಾವ ವರ್ಷ ಎಲ್ಲಿ ಮುಟ್ಟಿದರು ಎಂದು ಹಡಗುಗಳ ಚಿತ್ರದೊಡನೆ. ಮನೆಯವರು ನಮ್ಮ ಕರಾವಳಿಯ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಪುಸ್ತಕ ಮಾತ್ರ ‘ಸಾಂಬಾರ ಪದಾರ್ಥಗಳ ಸಂಪತ್ತು’ ಎಂದು ಒಂದೇ ಸಾಲಿನಲ್ಲಿ ಮುಂದೆ ಹೋಗುತ್ತದೆ. ಆ ಮೆಣಸು ಯಾವ ಘಟ್ಟದಿಂದ ಇಳಿಯಿತು, 16ನೇ ಶತಮಾನದಲ್ಲಿ ಪೋರ್ಚುಗೀಸರೇ ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಯಾರು, ಆ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಯಾರು? ಇದನ್ನೆಲ್ಲ ಐದು ಪುಟದಲ್ಲಿ ಹಿಡಿಸಲಾಗದು, ಒಪ್ಪುತ್ತೇನೆ. ಹೊನ್ನಾವರದವರೋ ಕುಮಟಾದವರೋ ಬರೆದಿದ್ದರೆ ಎರಡು ಸಾಲು ಹಿಡಿಸುತ್ತಿತ್ತು ಎಂಬುದನ್ನೂ ನೀವು ಒಪ್ಪಬೇಕು.

ತಮಾಷೆ ಎಂದರೆ, ನಮ್ಮೂರನ್ನು ನಮಗೆ ತೋರಿಸಿದ ಒಳ್ಳೆಯ ಮಾರ್ಗದರ್ಶಿಗಳಲ್ಲೊಬ್ಬ ಪೋರ್ಚುಗೀಸನೇ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯಸ್ ಬಾಗಿಲಿನಿಂದ ಬಾಗಿಲಿಗೆ ನಡೆಯುತ್ತ, ಯಾವ ಬೀದಿಯಲ್ಲಿ ಏನು ಮಾರುತ್ತಾರೆ, ಗೋಡೆ ಎಷ್ಟು ಸುತ್ತು, ಕೆರೆ ಕಟ್ಟಲು ಎಷ್ಟು ಜನ ಎಂದು ಬರೆದಿಟ್ಟ. ಊರು ಎಷ್ಟು ದೊಡ್ಡದೆಂದು ಅಳೆಯಲು ಗುಡ್ಡ ಹತ್ತಿದ, ಅಲ್ಲಿಂದಲೂ ಪೂರ್ತಿ ಕಾಣಲಿಲ್ಲವೆಂದು ಒಪ್ಪಿಕೊಂಡು, ಕಂಡಷ್ಟೇ ರೋಮಿನಷ್ಟು ಇದೆ ಎಂದ. ಆ ಬರಹ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಹಂಪಿಯ ಬಗ್ಗೆ ಬರೆದವರೆಲ್ಲ ಅದಕ್ಕೆ ಸಾಲಗಾರರು. ಪಾಯಸ್ ಬರೆದದ್ದು ತನ್ನ ಓದುಗರಿಗೆ ಗೊತ್ತಿದ್ದ ಅಳತೆಯಲ್ಲಿ. ರೋಮ್ ಅವರಿಗೆ ಗೊತ್ತಿತ್ತು.

ನಮ್ಮ ಓದುಗರ ಅಳತೆಯಲ್ಲಿ ಬರೆದ ಜೇಬಿನ ಪುಸ್ತಕ ಕನ್ನಡದಲ್ಲಿ ಎಷ್ಟಿವೆ? ಪ್ರವಾಸ ಕಥನಗಳಿಗೆ ನಮ್ಮಲ್ಲಿ ಬರವಿಲ್ಲ. ಕಾರಂತರು, ಗೋಕಾಕರು, ಗೊರೂರರು ಎಲ್ಲ ಬರೆದಿದ್ದಾರೆ. ಅವು ಮನೆಯಲ್ಲಿ ಕೂತು ಓದುವ ಪುಸ್ತಕಗಳು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಹಾಕಿರುವ ಕ್ಷೇತ್ರದರ್ಶನದ ಕಿರುಪುಸ್ತಕ ಜೇಬಿಗೆ ಸರಿಯಾಗಿ ಹಿಡಿಸುತ್ತದೆ. ಆದರೆ ಅದರಲ್ಲಿ ಎಲ್ಲ ಜಲಪಾತವೂ ನಯನಮನೋಹರ, ಎಲ್ಲ ಗುಡಿಯೂ ಪುರಾಣಪ್ರಸಿದ್ಧ. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ, ಅರಮನೆಯ ದೀಪ ಹೊತ್ತುವುದು ಭಾನುವಾರ ಮತ್ತು ಸರ್ಕಾರಿ ರಜಾದಿನದ ಸಂಜೆ. ಎರಡು ದಿನಕ್ಕೆ ಬರುವವರು ಭಾನುವಾರವನ್ನು ಸೇರಿಸಿಕೊಳ್ಳಿ, ಮಂಗಳವಾರವನ್ನು ಬಿಡಿ ಎಂದು ಖಂಡಿತವಾಗಿ ಹೇಳುವ ಧೈರ್ಯ ಅದಕ್ಕಿಲ್ಲ.

ಅಂಥದ್ದೊಂದನ್ನು ಯಾರಾದರೂ ಬರೆಯುವುದಾದರೆ ನಾನು ಬೆಂಗಳೂರಿನ ಹಳೇ ಪೇಟೆಯಿಂದ ಶುರುಮಾಡಲು ಹೇಳುತ್ತೇನೆ. ಉತ್ತರ ಕನ್ನಡದಿಂದ ರಾತ್ರಿ ಬಸ್ಸಿನಲ್ಲಿ ಬಂದು ವೀಸಾ ಕಚೇರಿಯ ಕೆಲಸ ಮುಗಿಸಿ ಮತ್ತೆ ರಾತ್ರಿ ಬಸ್ಸಿಗೆ ಕಾಯುವ ನನ್ನಂಥವರಿಗೆ ನಡುವೆ ಒಂದು ಇಡೀ ಮಧ್ಯಾಹ್ನ ಉಳಿಯುತ್ತದೆ. ಆ ಮಧ್ಯಾಹ್ನ ಮಾಲ್‌ಗಳಲ್ಲಿ ಕಳೆಯುತ್ತದೆ. ಬೈಶಾದಲ್ಲಿ ಕಸುಬಿಗೊಂದು ಬೀದಿ ಇದ್ದರೆ ಕೆಂಪೇಗೌಡರ ಪೇಟೆಯಲ್ಲೂ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ ಇವೆ. ಕೆ.ಆರ್. ಮಾರುಕಟ್ಟೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಟಿಪ್ಪುವಿನ ಮರದ ಬೇಸಿಗೆ ಅರಮನೆ, ಅದಕ್ಕೆ ತಾಗಿದ ಕೋಟೆ ವೆಂಕಟರಮಣನ ಗುಡಿ, ಕೋಟೆಯ ಉಳಿದ ಬಾಗಿಲು ಎಲ್ಲ ನಡೆದು ನೋಡುವಷ್ಟು ಹತ್ತಿರ. ಯಾವುದು ಮೊದಲು, ಯಾವುದು ಆಮೇಲೆ, ಹೂವಿನ ಮಾರುಕಟ್ಟೆಗೆ ನಸುಕಿನಲ್ಲೇ ಯಾಕೆ ಹೋಗಬೇಕು, ಯಾವ ಬೀದಿಯಲ್ಲಿ ಫುಟ್‌ಪಾತೇ ಇಲ್ಲ ಎಂದು ಎಂಬತ್ತು ಪುಟದಲ್ಲಿ ಒಬ್ಬರೇ ಕೂತು ಬರೆಯಬೇಕು. ಸಮಿತಿ ಬೇಡ. ಸಮಿತಿಗೆ ಯಾವುದನ್ನೂ ಬಿಡಲು ಬರುವುದಿಲ್ಲ.

ಇದನ್ನು ಮನೆಯವರ ಹತ್ತಿರ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ನೀ ಬರೆಯೋದಾದರೆ ಮೊದಲನೇ ಪುಟದಲ್ಲಿ ಚೊಕ್ಕ ಇರೋ ಟಾಯ್ಲೆಟ್ ಎಲ್ಲೆಲ್ಲಿದೆ ಅಂತ ಹಾಕು, ಕೆಂಪೇಗೌಡರು ಎರಡನೇ ಪುಟಕ್ಕೆ ಬರಲಿ” ಎಂದರು.